ಗುಂಪು ಮಾಡುವುದು ಬೇರೆ, ಬೆಸೆಯುವುದು ಬೇರೆ: ಲೇಬಲ್ ಕಡತದಲ್ಲಿ ವರ್ತಕರು ಗಮನಿಸಬೇಕಾದದ್ದು

ಸರಕಿನ ಲೇಬಲ್, ರಟ್ಟಿನ ಪೆಟ್ಟಿಗೆ, ಅಂಗಡಿಯ ನಾಮಫಲಕ ಮುಂತಾದವುಗಳ ವಿನ್ಯಾಸವನ್ನು ನಮ್ಮ ಊರುಗಳ ಅನೇಕ ಡಿಟಿಪಿ ಕೇಂದ್ರಗಳು ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತವೆ. ಕೆನಡಾದ ಕೋರೆಲ್ ಸಂಸ್ಥೆಯು 1989ರಲ್ಲಿ ಹೊರತಂದ ಈ ತಂತ್ರಾಂಶವು ಚಿತ್ರವನ್ನು ಚುಕ್ಕಿಗಳ ರೂಪದಲ್ಲಲ್ಲದೆ ರೇಖೆಗಳ ಗಣಿತವಾಗಿ ಕಾಪಾಡುವುದರಿಂದ, ಎಷ್ಟು ಹಿಗ್ಗಿಸಿದರೂ ಅಂಚು ಕೆಡುವುದಿಲ್ಲ. ಉದ್ದಿಮೆದಾರರು ಪರದೆಯ ಮೇಲಿನ ಚಿತ್ರವನ್ನು ನೋಡಿ ಒಪ್ಪಿಗೆ ನೀಡುತ್ತಾರೆ. ಆದರೆ ಪರದೆಯ ಮೇಲೆ ಒಂದೇ ತೆರನಾಗಿ ಕಾಣುವ ಎರಡು ಕಡತಗಳ ಒಳರಚನೆ ತೀರ ಭಿನ್ನವಾಗಿರಬಹುದು. ನಷ್ಟದ ಮೂಲ ಅಲ್ಲಿರುತ್ತದೆ.

ಹಲವು ಆಕೃತಿಗಳನ್ನು ಆಯ್ದು ಕಂಟ್ರೋಲ್ ಮತ್ತು ಜಿ ಕೀಲಿಗಳನ್ನು ಒತ್ತಿದರೆ ಅವು ‘ಗ್ರೂಪ್’ ಆಗುತ್ತವೆ. ಒಟ್ಟಿಗೆ ಚಲಿಸುತ್ತವೆ, ಒಟ್ಟಿಗೆ ಹಿಗ್ಗುತ್ತವೆ; ಆದರೆ ಪ್ರತಿಯೊಂದರ ಬಣ್ಣ, ಅಂಚು, ಅಕ್ಷರಶೈಲಿ ಅದರದರದೇ. ಹಿಡುವಳಿ ಕಂಪನಿಯ ಕ್ರೋಡೀಕೃತ ಲೆಕ್ಕಪತ್ರದಲ್ಲಿ ಅಂಗಸಂಸ್ಥೆಗಳು ಒಂದಾಗಿ ಕಂಡರೂ ಅವುಗಳ ಖಾತೆಗಳು ಪ್ರತ್ಯೇಕವಾಗಿ ಉಳಿಯುವಂತೆಯೇ ಇದು. ‘ಅನ್‌ಗ್ರೂಪ್’ ಮಾಡಿದೊಡನೆ ಎಲ್ಲವೂ ಮೊದಲಿನಂತೆ.

ಕಂಟ್ರೋಲ್ ಮತ್ತು ಎಲ್ ಒತ್ತಿ ‘ಕಂಬೈನ್’ ಮಾಡಿದಾಗಲಾದರೋ ಆಕೃತಿಗಳೆಲ್ಲ ಒಂದೇ ವಸ್ತುವಾಗಿ ಒಂದೇ ಬಣ್ಣವನ್ನು ತಳೆಯುತ್ತವೆ. ಒಂದರ ಮೇಲೊಂದು ಬಿದ್ದ ಭಾಗವು ರಂಧ್ರವಾಗುತ್ತದೆ. ದೊಡ್ಡ ವೃತ್ತದೊಳಗೆ ಚಿಕ್ಕ ವೃತ್ತವನ್ನಿಟ್ಟು ಹೀಗೆ ಮಾಡಿದರೆ ವಾಷರ್ ಸಿದ್ಧ. ಮುಂದೆ ‘ಬ್ರೇಕ್ ಅಪಾರ್ಟ್’ ಮಾಡಿ ಆಕೃತಿಗಳನ್ನು ಬಿಡಿಸಬಹುದು, ಹಿಂದಿನ ಬಣ್ಣಗಳು ಮಾತ್ರ ಮರಳವು. ‘ವೆಲ್ಡ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಒಳಗಿನ ಗೆರೆಗಳನ್ನು ಅಳಿಸಿ ಹೊರಗಿನ ಅಂಚನ್ನಷ್ಟೇ ಉಳಿಸುತ್ತದೆ. ಇದನ್ನು ಕಂಪನಿಗಳ ವಿಲೀನವೆನ್ನಬಹುದು; ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಹಿಂತಿರುಗುವ ದಾರಿಯಿಲ್ಲ.

ಕನ್ನಡದ ನಾಮಫಲಕಗಳಲ್ಲಿ ಈ ವ್ಯತ್ಯಾಸವು ಹೆಚ್ಚು ಬಾಧಿಸುತ್ತದೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ‘ಕ’ ಎಂಬ ಒಂದೇ ಅಕ್ಷರವು ಮೈ ಒಂದು, ತಲೆಕಟ್ಟು ಮತ್ತೊಂದು ಎಂದು ಎರಡು ತುಣುಕುಗಳಿಂದ ಕೂಡಿರುತ್ತದೆ. ಕಾಗದದ ಮೇಲೆ ಮುದ್ರಿಸಿದರೆ ದೋಷವೇನೂ ಕಾಣದು. ರೇಡಿಯಂ ಕಟಿಂಗ್ ಯಂತ್ರದ ಅಲಗಿಗೆ ಮಾತ್ರ ಬಣ್ಣ ಕಾಣುವುದಿಲ್ಲ, ಗೆರೆಯಷ್ಟೇ ಕಾಣುತ್ತದೆ. ಬಾಹ್ಯರೇಖೆಯಾದ ತುಣುಕುಗಳು ಕೇವಲ ಗ್ರೂಪ್ ಆಗಿದ್ದು ಒಂದರ ಮೇಲೊಂದು ಏರಿದ್ದರೆ, ಅಲಗು ಪ್ರತಿ ಅಂಚನ್ನೂ ಕೊಯ್ದು ತಲೆಕಟ್ಟನ್ನು ಬೇರೆ ಮಾಡುತ್ತದೆ. ಕಂಬೈನ್ ಮಾಡಿದ್ದರೆ, ಏರಿದ ಜಾಗವೇ ತೂತಾಗುತ್ತದೆ. ತುಣುಕುಗಳನ್ನು ಮೊದಲು ವೆಲ್ಡ್ ಮಾಡಿ, ಅಕ್ಷರದೊಳಗಿನ ಪೊಳ್ಳು ಭಾಗಕ್ಕಷ್ಟೇ ಕಂಬೈನ್ ಬಳಸುವುದು ಸರಿಯಾದ ಕ್ರಮ. ಕತ್ತರಿಸಿದ ಹಾಳೆ ಮರಳಿ ಬಾರದಾದ್ದರಿಂದ, ಬಣ್ಣ ತೆಗೆದು ಗೆರೆಗಳನ್ನಷ್ಟೇ ತೋರಿಸುವ ‘ವೈರ್‌ಫ್ರೇಮ್’ ನೋಟವನ್ನು ಮುಂಚಿತವಾಗಿ ಕೇಳಿ ನೋಡುವುದು ಲೇಸು. ಅರೆನಿಮಿಷದ ಕೆಲಸ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಮುದ್ರಣಾಲಯದಲ್ಲಿ ಅಕ್ಷರಶೈಲಿ ಬದಲಾಗಬಾರದೆಂದು ಅಕ್ಷರಗಳನ್ನೆಲ್ಲ ಬಾಹ್ಯರೇಖೆಗಳಾಗಿ ಪರಿವರ್ತಿಸಿದ ಕಡತವನ್ನಷ್ಟೇ ಗ್ರಾಹಕರಿಗೆ ಒಪ್ಪಿಸುವ ವಾಡಿಕೆಯಿದೆ. ಅಗರಬತ್ತಿ ತಯಾರಕರೊಬ್ಬರ ಕೈಯಲ್ಲಿ ಇಂಥ ಕಡತ ಮಾತ್ರ ಇದೆ ಎಂದಿಟ್ಟುಕೊಳ್ಳೋಣ. 2011ರ ಕಾನೂನುಮಾಪನ ಪೊಟ್ಟಣ ಸರಕುಗಳ ನಿಯಮಗಳನ್ವಯ ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸಬೇಕಾದ ದೂರವಾಣಿ ಇತ್ಯಾದಿ ವಿವರಗಳಿರಬೇಕು. ಇವುಗಳಲ್ಲಿ ಒಂದು ಅಂಕಿ ಬದಲಾದರೂ ಆ ಕಡತದಲ್ಲಿ ತಿದ್ದಲು ಅಕ್ಷರವೇ ಇರುವುದಿಲ್ಲ, ಬರಿಯ ಆಕೃತಿಗಳಿರುತ್ತವೆ. ಪುನಃ ಅದೇ ವಿನ್ಯಾಸಕಾರರನ್ನು ಹುಡುಕಿಕೊಂಡು ಹೋಗಬೇಕು. ಅವರು ಊರು ಬಿಟ್ಟಿದ್ದರೆ ಹೊಸದಾಗಿ ಬರೆಸಬೇಕು.

ಆದುದರಿಂದ ಬಾಕಿ ಹಣ ಪಾವತಿಸುವ ಮುನ್ನವೇ ಎರಡು ಕಡತಗಳನ್ನು ಕೇಳಿ ಪಡೆಯತಕ್ಕದ್ದು. ಗ್ರೂಪ್ ಮಾತ್ರ ಮಾಡಿದ, ಅಕ್ಷರಗಳನ್ನು ತಿದ್ದಬಹುದಾದ ಮೂಲ ಕಡತ ಒಂದು. ಬೆಸೆದು, ಬಾಹ್ಯರೇಖೆಯಾಗಿಸಿ ಯಂತ್ರಕ್ಕೆ ಅಣಿಗೊಳಿಸಿದ್ದು ಇನ್ನೊಂದು. ಬಿಲ್ಲಿನಲ್ಲಿ ಎರಡೂ ನಮೂದಾಗಿರಲಿ.

ಕಡತ ಕೈಸೇರಿದರೆ ಹಕ್ಕೂ ಸೇರಿತೆಂದು ಭಾವಿಸುವವರೂ ಇದ್ದಾರೆ. ತಮ್ಮ ನೌಕರನಲ್ಲದ ಕಲಾವಿದ ರಚಿಸಿದ ಲೇಬಲ್ಲಿನ ಕೃತಿಸ್ವಾಮ್ಯವು ಹಣ ತೆತ್ತ ಮಾತ್ರಕ್ಕೆ ತಮಗೆ ಬಂದಿತೆಂದು 1957ರ ಕೃತಿಸ್ವಾಮ್ಯ ಅಧಿನಿಯಮದಡಿ ನೆಚ್ಚಿಕೊಳ್ಳುವಂತಿಲ್ಲ. ಸಹಿ ಮಾಡಿದ ಲಿಖಿತ ಹಸ್ತಾಂತರಪತ್ರ ಬೇಕು. ಅದರಲ್ಲಿ ಅವಧಿಯನ್ನು ಕಾಣಿಸದಿದ್ದರೆ, 19ನೆಯ ಪ್ರಕರಣದಂತೆ ಹಸ್ತಾಂತರವು 5 ವರ್ಷಗಳಿಗೆ ಮಾತ್ರವೆಂದು ಪರಿಗಣಿತವಾಗುತ್ತದೆ.