ಕೂಸು, ಕೂಲಿ ಮತ್ತು ಗಡಿಯಾರ

ದುಡಿಮೆಗೂ ಮನೆಯ ಬಾಳಿಗೂ ಹೊಂದಿಕೆ ತರುವ ಪ್ರಶ್ನೆ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲಿನಲ್ಲಿ ಕೆರೆಯ ಹೂಳೆತ್ತುವ, ಹೊಲಕ್ಕೆ ಬದು ಹಾಕುವ ಹೆಂಗಸಿನ ದಿನಚರಿಯನ್ನು ನೋಡಿದರೆ ಆ ಭಾವನೆ ಉಳಿಯಲಾರದು. 2024ರ ಕಾಲವಿನಿಯೋಗ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಕೊಡುತ್ತಾರೆ; ಗಂಡಸರು ಕೊಡುವುದು 88. ಮಣ್ಣು ಹೊರುವ ಕೂಲಿ ಇದರ ಮೇಲಣ ಹೊರೆ.

ಆಕೆ ಹಾಲೂಡಿಸುವ ತಾಯಿಯಾಗಿದ್ದರೆ ದೇಹವೇ ಮತ್ತೊಂದು ವೇಳಾಪಟ್ಟಿಯನ್ನು ವಿಧಿಸುತ್ತದೆ. ಮೊದಲ ಆರು ತಿಂಗಳಲ್ಲಿ ಆಕೆಯ ದೇಹ ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲನ್ನು ತಯಾರಿಸುತ್ತದೆ. ಅದರಲ್ಲಿ ನೂರಕ್ಕೆ 87 ಪಾಲು ನೀರೇ. ಬಿಸಿಲಿನಲ್ಲಿ ಬೆವರಾಗಿ ಹೋಗುವ ನೀರು ಬೇರೆ. ಕೂಸು ಕುಡಿದಷ್ಟೂ ಹಾಲು ಮತ್ತೆ ಊರುತ್ತದೆ. ಎದೆ ತುಂಬಿಯೇ ನಿಂತರೆ ಉತ್ಪತ್ತಿ ತಗ್ಗುತ್ತ ಬರುತ್ತದೆ. ಆದುದರಿಂದ ದಿನವಿಡೀ ಕೂಸಿನಿಂದ ದೂರವಿರುವ ತಾಯಿಗಾಗುವ ನಷ್ಟ ಆ ಒಂದು ದಿನದ್ದು ಮಾತ್ರವಲ್ಲ.

ಸಂಘಟಿತ ಉದ್ಯಮಗಳ ಮಟ್ಟಿಗೆ ಶಾಸನವು ಇದನ್ನು ಮನಗಂಡಿತು. 2017ರ ತಿದ್ದುಪಡಿಯು ಹೆರಿಗೆಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಐವತ್ತು ಮಂದಿಗೆ ಕಡಮೆಯಿಲ್ಲದ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದೆಂದೂ ವಿಧಿಸಿತು. ಕೆರೆಯ ಅಂಗಳಕ್ಕೆ ಈ ವಿಧಿ ಮುಟ್ಟಲಿಲ್ಲ.

ಅಲ್ಲಿಗೆ ಮುಟ್ಟಿದ್ದು ಉದ್ಯೋಗ ಖಾತ್ರಿ. 2006ರ ಫೆಬ್ರವರಿಯಲ್ಲಿ ಈ ಯೋಜನೆ ಮೊದಲು ಜಾರಿಗೆ ಬಂದ 200 ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಮಣ್ಣಿನ ಕೆಲಸದಲ್ಲಿ ಕೂಲಿಯನ್ನು ತೋಡಿದ ಮಣ್ಣಿನ ಅಳತೆಯ ಮೇಲೆ ಲೆಕ್ಕಹಾಕುತ್ತಿದ್ದರು. ನಸುಕಿನಲ್ಲಿ ಹೋಗಿ, ಅಳತೆ ಮುಗಿಸಿ, ಬಿಸಿಲೇರುವ ಮುನ್ನ ಕೂಸಿದ್ದಲ್ಲಿಗೆ ಮರಳುವ ಅವಕಾಶ ಇದರಲ್ಲಿ ಅಡಗಿದ್ದಿತು. ಹೊತ್ತನ್ನು ಅಳೆಯದೆ ಕೆಲಸವನ್ನು ಅಳೆಯುವುದು! ನಗರದ ನೌಕರರು ಈಗ ಬೇಡುತ್ತಿರುವುದೂ ಇದನ್ನೇ ಅಲ್ಲವೆ? ಆದರೆ 2023ರ ಜನವರಿಯಿಂದ, ವೈಯಕ್ತಿಕ ಕಾಮಗಾರಿಗಳನ್ನುಳಿದು, ದಿನಕ್ಕೆರಡು ಬಾರಿ ಹೊತ್ತು ನಮೂದಾಗುವ ಛಾಯಾಚಿತ್ರದ ಹಾಜರಿ ಕಡ್ಡಾಯವಾಯಿತು. ಅಳತೆ ಮುಗಿದರೂ ಎರಡನೆಯ ಚಿತ್ರಕ್ಕಾಗಿ ಕಾಯಬೇಕು. ಸುಳ್ಳು ಹಾಜರಿಯನ್ನು ತಡೆಯುವ ಉದ್ದೇಶ ಸರಿಯೆ. ಅದರ ಬೆಲೆ ತೆತ್ತವಳು ಮಾತ್ರ ಸುಳ್ಳು ಹೇಳದಿದ್ದ ತಾಯಿ.

ಆರು ವರ್ಷದೊಳಗಿನ ಐದು ಮಕ್ಕಳು ಕಾಮಗಾರಿಯ ಸ್ಥಳಕ್ಕೆ ಬಂದರೆ, ಅವರನ್ನು ನೋಡಿಕೊಳ್ಳಲು ಕೆಲಸಗಾರ್ತಿಯರಲ್ಲೇ ಒಬ್ಬಳನ್ನು ಬಿಟ್ಟು ಆಕೆಗೂ ಕೂಲಿ ಕೊಡಬೇಕೆಂಬ ನಿಯಮವೂ ಇದ್ದಿತು. ನಾಲ್ಕೇ ಮಕ್ಕಳು ಬಂದರೆ ನಿಯಮ ಮೌನ.

ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಅದಕ್ಕೂ ಕಿರಿಯರನ್ನು ಹಗಲು ನೋಡಿಕೊಳ್ಳುವವರಿಲ್ಲದ ಕೊರತೆಯನ್ನು ತುಂಬಲೆಂದು ಕರ್ನಾಟಕ ಸರ್ಕಾರ 2023ರ ಆಯವ್ಯಯದಲ್ಲಿ 4,000 ಗ್ರಾಮಪಂಚಾಯತಿಗಳಿಗೆ ‘ಕೂಸಿನ ಮನೆ’ಗಳನ್ನು ಸಾರಿತು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಪಾಲಕಿಯರನ್ನಾಗಿಸುವ ಈ ಏರ್ಪಾಡು ನಮಗೆ ಬಹಳ ಹಿಡಿಸಿದೆ. ಆದರೆ ಕೂಸಿನ ಮನೆ ಪಂಚಾಯತಿಯ ಊರಿನಲ್ಲಿದ್ದು, ಹೂಳೆತ್ತುವ ಕೆರೆ ಅಲ್ಲಿಂದ ಎರಡು ಮೈಲಿ ಆಚೆಗಿದ್ದರೆ, ಎದೆಹಾಲಿನ ಕೂಸಿಗೆ ಅದರ ಪ್ರಯೋಜನ ಅರ್ಧ ಮಾತ್ರ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾನೂನು ವರ್ಷಕ್ಕೆ 100ರ ಬದಲು 125 ದಿನಗಳ ಕೆಲಸವನ್ನು ವಾಗ್ದಾನ ಮಾಡಿದೆ. ಈ ಎರಡು ಮೈಲಿಯನ್ನು ತಾಯಿ ಇನ್ನೂ 25 ದಿನ ನಡೆಯಬೇಕಾದೀತು.