ಅಂಗಡಿಯಲ್ಲಿ ಸಿಗದ ಹಲಗೆ

ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಹಳೆಯ ಹೆಂಚಿನ ಮನೆಗಳಲ್ಲಿ ಮರದ ಸೀಲಿಂಗ್‌ನ ನಾಲ್ಕು ಹಲಗೆಗೆ ಗೆದ್ದಲು ಹಿಡಿದರೆ, ಅದೇ ಅಚ್ಚಿನ ಹಲಗೆ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಆ ಒಂದೇ ಕಾರಣಕ್ಕೆ ಉಳಿದ ಗಟ್ಟಿ ಹಲಗೆಗಳನ್ನೂ ಕಿತ್ತು ಪಿವಿಸಿ ಹೊದಿಸಿಬಿಡುತ್ತಾರೆ. ಇದು ಅನಗತ್ಯ ನಷ್ಟ. ಈ ಹಲಗೆ ಹೇಗೆ ಬಂತು, ಯಾಕೆ ನಿಂತಿತು ಎಂದು ತಿಳಿದರೆ ಅದನ್ನು ಮತ್ತೆ ಮಾಡಿಸುವ ದಾರಿಯೂ ತಿಳಿಯುತ್ತದೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಗಣಿಗೆ ಕೈಹಾಕಿದ ಮೇಲೆ ಇಲ್ಲಿ ಬಂಗಲೆಗಳು ಎದ್ದವು. ಅಂದು ಬೌರಿಂಗ್‌ಪೇಟೆಯಾಗಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂದ ಮೇಲೆ ಭಾರದ ಸರಕು ತರಿಸುವುದು ಸುಲಭವಾಯಿತು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ರಾಬರ್ಟ್‌ಸನ್‌ಪೇಟೆ ಬೆಳೆದದ್ದು 20ನೇ ಶತಮಾನದ ಆರಂಭದಲ್ಲಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಅಷ್ಟರಲ್ಲಿ ದಕ್ಷಿಣದಲ್ಲೆಲ್ಲ ಹರಡಿತ್ತು. ಆದರೆ ಹೆಂಚಿನ ಸಂದಿನಿಂದ ಬಿಸಿಲ ಝಳವೂ ಧೂಳೂ ಒಳಗಿಳಿಯುತ್ತವೆ; ಚಿನ್ನ ತೆಗೆದು ಉಳಿದ ಸೈನೈಡ್ ದಿಬ್ಬಗಳ ಪುಡಿ ಗಾಳಿಗೆ ಹಾರುವ ಊರಿನಲ್ಲಿ ಅದು ಸಣ್ಣ ತೊಂದರೆಯಲ್ಲ. ನೆಲದಾಳದ ಬಂಡೆ ಸಿಡಿತಕ್ಕೆ ಮೇಲಿನ ಗೋಡೆಗಳೂ ನಡುಗುತ್ತಿದ್ದವು. ಇಂಥ ಕಡೆ ಬಿರಿಯುವ ಗಾರೆಗಿಂತ, ತುಸು ಅಲುಗಿದರೂ ಬೀಳದ ಹಲಗೆಯೇ ಸರಿಯಾದ ಹೊದಿಕೆ.

ಆ ಹಲಗೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಂದು ಅಂಚಿನಲ್ಲಿ ನಾಲಿಗೆ, ಇನ್ನೊಂದರಲ್ಲಿ ಅದು ಕೂರುವ ಗ್ರೂವ್, ಪಕ್ಕದಲ್ಲಿ ಸಣ್ಣ ಬೀಡಿಂಗ್. ಬೇಸಿಗೆಯಲ್ಲಿ ಮರ ಕುಗ್ಗಿ ಸಂದು ಬಿಟ್ಟರೂ ಬೀಡಿಂಗ್‌ನ ನೆರಳು ಅದನ್ನು ಮರೆಮಾಡುತ್ತದೆ; ಮಳೆಗಾಲದಲ್ಲಿ ಉಬ್ಬಿದರೆ ನಾಲಿಗೆ ಒಳಸರಿಯುತ್ತದೆ. ಆರಂಗುಲದ ಹಲಗೆಗೆ ಇಂದಿನ 150 ಮಿಲಿಮೀಟರ್ ಹಲಗೆ ಜೋಡಿಸಿದರೆ ಒಂದೊಂದಕ್ಕೆ 2.4 ಮಿಲಿಮೀಟರ್ ಕಡಿಮೆ, ಹತ್ತಕ್ಕೆ ಹೆಚ್ಚುಕಡಿಮೆ ಒಂದಂಗುಲ. ಕಣ್ಣಿಗೆ ಒಂದೇ ಎನಿಸಿದರೂ ಸಾಲು ಕೂಡುವುದಿಲ್ಲ.

ಹಲಗೆ ಮರೆಯಾದದ್ದು ಒಂದೇ ದಿನದಲ್ಲಲ್ಲ. 1942ರಲ್ಲಿ ಜಪಾನ್ ಬರ್ಮಾ ಹಿಡಿದಾಗ ಅಲ್ಲಿಂದ ಬರುತ್ತಿದ್ದ ತೇಗ ನಿಂತಿತು. 1956ರ ಕಾಯ್ದೆ ಅಂಗುಲದ ಜಾಗಕ್ಕೆ ಮೆಟ್ರಿಕ್ ಅಳತೆ ತಂದಿತು. ಕಾಂಕ್ರೀಟ್ ತಾರಸಿ ಬಂದ ಮೇಲೆ ಸೀಲಿಂಗ್ ಹಲಗೆಗೆ ಗಿರಾಕಿಯೇ ಕಡಿಮೆಯಾದರು. ಸುಪ್ರೀಂ ಕೋರ್ಟಿನ 1996ರ ಆದೇಶ ಕಾಡಿನ ಮರ ಕಡಿತವನ್ನು ಬಿಗಿಗೊಳಿಸಿತು. 2001ರಲ್ಲಿ ಇಲ್ಲಿನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಗಮನಿಸಿ, ಇವುಗಳಲ್ಲಿ ಯಾವುದೂ ಆ ಹಲಗೆಯನ್ನು ಮಾಡಲಾಗದಂತೆ ಮಾಡಲಿಲ್ಲ. ನಿಂತದ್ದು ರಾಶಿಗಟ್ಟಲೆ ತಯಾರಿಕೆ. ಮಾದರಿಯ ಅಂಚಿಗೆ ತಕ್ಕಂತೆ ಬ್ಲೇಡ್ ಉಜ್ಜಿ, ಬೇಕಾದಷ್ಟೇ ಹಲಗೆ ಎಳೆದುಕೊಡುವ ಕೆಲಸ ಬಲ್ಲ ಬಡಗಿಗೆ ಇಂದಿಗೂ ಸಾಧ್ಯ.

ಖರ್ಚು ಹೆಚ್ಚಲ್ಲವೇ ಎಂದು ಕೇಳಬಹುದು. ಒಂದು ಹಲಗೆಯ ಬೆಲೆ ಖಂಡಿತ ಹೆಚ್ಚು. ಆದರೆ ಬೇಕಾಗಿರುವುದು ನಾಲ್ಕು, ಇಡೀ ಕೋಣೆಗಲ್ಲ. ಕೆಡವಿದ ಮನೆಗಳ ಹಳೆಯ ಮರ ಸಿಗುತ್ತದಲ್ಲ ಎಂಬ ಮಾತೂ ಇದೆ. ಮರ ಒಳ್ಳೆಯದೇ, ಆದರೆ ಅದರ ಅಂಚು ನಿಮ್ಮ ಮನೆಯ ಅಂಚಿಗೆ ಹೊಂದುವುದು ಅಪರೂಪ. ಅದನ್ನು ಕಚ್ಚಾ ಮರವೆಂದು ಕೊಂಡು ಹೊಸದಾಗಿ ಅಚ್ಚು ಎಳೆಸುವುದೇ ಸರಿ. ಹೆಚ್ಚು ತೂಕದ ಆಕ್ಷೇಪ ಬೇರೆ: ಹೊಸದನ್ನು ಹಳೆಯದರಂತೆ ತೋರಿಸುವುದು ಮೋಸವಲ್ಲವೇ? 1964ರ ವೆನಿಸ್ ಸನ್ನದು ಕೂಡ, ಸೇರಿಸಿದ ಭಾಗ ಒಟ್ಟಿಗೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಗೆ ಸಿಗಬೇಕು ಎನ್ನುತ್ತದೆ. ಸ್ಮಾರಕಕ್ಕೆ ಹೇಳಿದ ಈ ನಿಯಮವನ್ನು ಮನೆಯಲ್ಲಿ ಪಾಲಿಸುವುದು ಸುಲಭ: ಹೊಸ ಹಲಗೆಯ ಬೆನ್ನಿಗೆ ಇಸವಿ ಬರೆಯಿರಿ.

ಇನ್ನು ಕೆಲಸದ ಕ್ರಮ. ಕೆಟ್ಟದ್ದು ಹಜಾರದ ಹಲಗೆಯಾದರೆ, ಹಿಂದಿನ ಕೋಣೆಯ ಗಟ್ಟಿ ಹಲಗೆಗಳನ್ನು ಹುಷಾರಾಗಿ ಬಿಚ್ಚಿ ಹಜಾರಕ್ಕೆ ಹಾಕಿ, ಹೊಸವನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ. ಚೆನ್ನಾಗಿ ಒಣಗಿದ ಮರವನ್ನೇ ಆರಿಸಿ, ಜೋಡಿಸುವ ಮುನ್ನ ಕೆಲವು ದಿನ ಅದೇ ಕೋಣೆಯಲ್ಲಿಡಿ. ಹೊಸ ತೇಗದ ಬಣ್ಣ ಬೆಳಕಿಗೆ ತಾನಾಗಿ ಮಾಗುತ್ತದೆ; ಮೊದಲ ದಿನವೇ ಗಾಢ ಪಾಲಿಶ್ ಬಳಿಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಅಂಚು ಸರಿಯಿರುವ ಒಂದು ಹಲಗೆಯನ್ನು ಮಾದರಿಗೆಂದು ಎತ್ತಿಡಿ. ಅದು ಸೌದೆಗೆ ಹೋದರೆ ಬಡಗಿಗೆ ತೋರಿಸಲು ಏನೂ ಉಳಿಯುವುದಿಲ್ಲ.