ಕುಂಡದಲ್ಲಿ ಆನೆಕಿವಿ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಆ ಹೆಸರನ್ನು ತಂದುದು ಅಲ್ಲಿಯ ಕೆಂಪು ಮಣ್ಣು. ಬಾಬಾಬುಡನ್ ಶ್ರೇಣಿಯಲ್ಲಿ ಸುಮಾರು 1,434 ಮೀಟರು ಎತ್ತರದಲ್ಲಿರುವ ಈ ಗಿರಿಧಾಮದ ನೆಲದಲ್ಲಿ ಕಬ್ಬಿಣದ ಅಂಶ ಹೇರಳ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹಿಂದೆ ಇಲ್ಲಿಂದ ಅದಿರು ಹೋಗುತ್ತಿತ್ತು. ಮಳೆಗಾಲದಲ್ಲಿ ಗಾಳಿಯೇ ತೇವದಿಂದ ಭಾರವಾಗುವ ಇಂಥ ಮಲೆನಾಡು ಕೆಸುವಿನ ಬಳಗಕ್ಕೆ ಬಲು ಹಿತವಾದ ಸೀಮೆ. ನಗರದ ಮನೆಗಳಲ್ಲಿ ಅಲಂಕಾರಕ್ಕೆಂದು ಬೆಳೆಸುವ ಆನೆಕಿವಿ ಗಿಡವೂ ಇದೇ ಬಳಗದ್ದು. ಸಸ್ಯಶಾಸ್ತ್ರಜ್ಞರು ಇವೆಲ್ಲವನ್ನೂ ಅರೇಸೀ ಎಂಬ ಕುಟುಂಬಕ್ಕೆ ಸೇರಿಸಿದ್ದಾರೆ. ಅಕ್ಕರೆಯಿಂದ ತಂದ ಆನೆಕಿವಿ ಕೆಲವೇ ತಿಂಗಳಲ್ಲಿ ಕೊಳೆತು ಸಾಯುವುದುಂಟು. ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಕೊಲ್ಲುವುದು ನಿತ್ಯವೂ ತಪ್ಪದೆ ಎರೆಯುವ ನೀರು.

ನೀರಿನಿಂದ ಗಿಡ ಸಾಯುವುದೆಂತು? ಬೇರು ಸಹ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ಆ ಸಂದುಗಳಲ್ಲಿ ನೀರು ತುಂಬಿ ನಿಂತರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಬೇರು ಸತ್ತ ಗಿಡ ನೀರನ್ನು ಹೀರಲಾರದೆ ಬಾಡುತ್ತದೆ. ಅದನ್ನು ಬಾಯಾರಿಕೆಯೆಂದು ಬಗೆದು ನಾವು ಮತ್ತಷ್ಟು ನೀರೆರೆಯುತ್ತೇವೆ!

ಹಾಗಾದರೆ ಹಳ್ಳದ ಬದಿಯ ಕೆಸರಿನಲ್ಲಿ ನಿಂತ ಕೆಸು ಹೇಗೆ ಬದುಕುತ್ತದೆ? ಅದರ ಎಲೆಯ ತೊಟ್ಟಿನಲ್ಲಿಯೂ ಬೇರಿನಲ್ಲಿಯೂ ಗಾಳಿಯ ಸೂಕ್ಷ್ಮ ನಾಳಗಳಿವೆ. ಮೇಲಿನ ಗಾಳಿ ಇವುಗಳ ಮೂಲಕ ಕೆಳಗಿಳಿಯುತ್ತದೆ. ಮಲೆನಾಡಿನವರು ಪತ್ರೊಡೆಗೆ ಬಳಸುವ ಮರಕೆಸುವಿನ ಬಾಳು ಬೇರೆ ಬಗೆಯದು. ಅದು ಮರದ ಕಾಂಡದ ಮೇಲೆ, ಪಾಚಿ ಮತ್ತು ಕೊಳೆತ ಎಲೆಗಳ ನಡುವೆ ಬೇರೂರುತ್ತದೆ. ಅಲ್ಲಿ ನೀರು ಸುರಿಯುವುದೇ ಹೊರತು ನಿಲ್ಲುವುದಿಲ್ಲ. ಮನೆಯೊಳಗೆ ಬೆಳೆಸುವ ಆನೆಕಿವಿಗಳಲ್ಲಿ ಬಹುಪಾಲು ಅಲೊಕೇಸಿಯ ಜಾತಿಯವು. ನೀರಿನ ವಿಷಯದಲ್ಲಿ ಅವು ಕೆಸುವಿಗಿಂತ ಮರಕೆಸುವಿಗೇ ಹತ್ತಿರ.

ಆದುದರಿಂದ ಕುಂಡದ ಮಣ್ಣು ಸಡಿಲವಾಗಿರಬೇಕು. ಬೆಟ್ಟದ ಇಳಿಜಾರಿನಲ್ಲಿ ನೀರು ತಾನಾಗಿ ಹರಿದುಹೋಗುತ್ತದೆ. ಅದೇ ಕೆಮ್ಮಣ್ಣನ್ನು ಕುಂಡದಲ್ಲಿ ತುಂಬಿದರೆ ಅದು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಕೆಮ್ಮಣ್ಣು, ದಪ್ಪ ಮರಳು, ಕೊಳೆತ ಎಲೆಯ ಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸುವುದು ಒಳ್ಳೆಯದು. ಕುಂಡದ ತಳದಲ್ಲಿ ರಂಧ್ರವಿರಲೇಬೇಕು. ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ, ಮೇಲಿನ ಒಂದು ಅಂಗುಲ ಒಣಗಿದ ಮೇಲೆಯೇ ನೀರೆರೆಯಬೇಕು.

ಗಿಡವನ್ನು ಕಿಟಕಿಯ ಬಳಿ, ನೇರ ಬಿಸಿಲು ತಾಗದಂತೆ ಇರಿಸಿರಿ. ಕಾಡಿನ ನೆರಳು ಅದಕ್ಕೆ ಪ್ರಿಯವೆಂದು ಕತ್ತಲೆಯ ಮೂಲೆಯಲ್ಲಿ ಕೂರಿಸಬಾರದು. ಒಣಹವೆಯಲ್ಲಿ ಎಲೆಯ ಅಂಚು ಸುಡುತ್ತದೆ, ಎಲೆಯ ಅಡಿಯಲ್ಲಿ ಕೆಂಪು ನುಸಿ ಸೇರುತ್ತದೆ. ಗಿಡಗಳನ್ನು ಒಟ್ಟಿಗೆ ಇಟ್ಟರೆ ಅವು ಹೊರಬಿಡುವ ಆವಿಯಿಂದಲೇ ಸುತ್ತಲಿನ ಗಾಳಿ ಸ್ವಲ್ಪ ತೇವವಾಗುತ್ತದೆ. ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿಗಳನ್ನು ಒರೆಸುತ್ತಿದ್ದರೆ ಧೂಳೂ ನುಸಿಯೂ ದೂರವಾಗುತ್ತವೆ. ಬೆಳಗಿನಲ್ಲಿ ಎಲೆಯ ತುದಿಯಲ್ಲಿ ಹನಿ ಕಂಡರೆ ಗಾಬರಿ ಬೇಡ. ರಾತ್ರಿ ಬೇರು ಹೀರಿದ ನೀರಿನಲ್ಲಿ ಹೆಚ್ಚಾದುದು ಹೀಗೆ ಹೊರಬರುತ್ತದೆ.

ಒಂದು ಎಚ್ಚರಿಕೆ ಮುಖ್ಯ. ಈ ಗಿಡಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹಸಿ ಕೆಸು ಬಾಯಿಯನ್ನು ತುರಿಸುವುದು ಇವುಗಳಿಂದಲೇ. ಅಲಂಕಾರದ ಆನೆಕಿವಿಯನ್ನು ತಿನ್ನಲಾಗದು. ಎಳೆಯ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅದು ಎಟುಕಬಾರದು. ಎಲೆ ಕತ್ತರಿಸಿದ ಮೇಲೆ ಕೈ ತೊಳೆಯಬೇಕು.

ಮಳೆ ನಿಂತ ಮೇಲೆ ಮರಕೆಸುವಿನ ಎಲೆಗಳು ಒಣಗಿ ಉದುರುತ್ತವೆ. ಗೆಡ್ಡೆ ಮಾತ್ರ ಮರದ ಮೇಲೆ ಉಳಿದು ಮುಂದಿನ ಮುಂಗಾರಿಗೆ ಮತ್ತೆ ಚಿಗುರುತ್ತದೆ. ಚಳಿಗಾಲದಲ್ಲಿ ಕುಂಡದ ಆನೆಕಿವಿಯೂ ಕೆಲವೊಮ್ಮೆ ಹೀಗೆಯೇ ಎಲೆಗಳನ್ನೆಲ್ಲ ಕಳೆದುಕೊಳ್ಳುತ್ತದೆ. ಗಿಡ ಸತ್ತಿತೆಂದು ಅದನ್ನು ಎಸೆಯುವ ಮೊದಲು ಗೆಡ್ಡೆಯನ್ನು ಮೆಲ್ಲಗೆ ಒತ್ತಿ ನೋಡಿರಿ. ಅದು ಗಟ್ಟಿಯಾಗಿದ್ದರೆ ಗಿಡಕ್ಕೆ ಜೀವವಿದೆ. ನೀರನ್ನು ಬಹಳ ಕಡಿಮೆ ಮಾಡಿ, ಬೆಚ್ಚಗಿನ ಎಡೆಯಲ್ಲಿರಿಸಿ, ಬೇಸಿಗೆಯವರೆಗೆ ಕಾಯಿರಿ.